ಜಟ್ಟಿಗೆ ಕಳ್ಳವಿದ್ಯೆ ಯಾವ ಲೆವೆಲ್ಲಿನಲ್ಲಿ? ಮಲ್ಟಿಕ್ಲಾಸ್ ಪಾತ್ರವನ್ನು ಕಟ್ಟುವ ಕ್ರಮ

ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ದಾಳ ಎಸೆಯುತ್ತ ಕಥೆ ಕಟ್ಟುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಲ್ಲಿ ಒಂದೇ ಪಾತ್ರಕ್ಕೆ ಎರಡು ಕ್ಲಾಸುಗಳನ್ನು (ಅಂದರೆ ಕಸುಬುಗಳನ್ನು) ಹೊಂದಿಸಿ ಮಲ್ಟಿಕ್ಲಾಸ್ ಮಾಡುವ ಆಸೆ ಹೊಸಬರಿಗೂ ಇರುತ್ತದೆ, ಹಳಬರಿಗೂ ಇರುತ್ತದೆ. ಕತ್ತಿ ಹಿಡಿದವನಿಗೆ ಮಂತ್ರವೂ ಬರಲಿ, ಮಂತ್ರ ಬಲ್ಲವಳಿಗೆ ಕವಚವೂ ಇರಲಿ ಎಂದು ಬಯಸುವುದರಲ್ಲಿ ತಪ್ಪೇನಿಲ್ಲ. ತೊಡಕು ಇರುವುದು ನಾವು ಮಾದರಿಗೆಂದು ಓದುವ ಬಿಲ್ಡ್‌ಗಳಲ್ಲಿ, ಅಂದರೆ ಸಿದ್ಧ ಪಾತ್ರಯೋಜನೆಗಳಲ್ಲಿ. ಅವುಗಳಲ್ಲಿ ಹೆಚ್ಚಿನವು ಕೊನೆಯ ಮೆಟ್ಟಿಲಾದ 20ನೇ ಲೆವೆಲ್ಲನ್ನು ಮುಟ್ಟಿ ನಿಂತ ಪಾತ್ರದ ವೈಭವವನ್ನು ವರ್ಣಿಸುತ್ತವೆಯೇ ಹೊರತು, ಆ ಪಾತ್ರ ನಡುದಾರಿಯಲ್ಲಿ ಹೇಗೆ ಏಗುತ್ತದೆ ಎಂಬುದನ್ನು ಹೇಳುವುದಿಲ್ಲ. ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಮೈಸೂರಿನ ಯಾರದೋ ಮನೆಯ ಹಜಾರದಲ್ಲಿ ಸೇರಿ, ಮಂಡ್ಯದಿಂದ ಬಂದವರು ಸಂಜೆಯ ರೈಲಿಗೆ ಎದ್ದು ಹೊರಡುವ ತನಕ ಆಡುವ ತಂಡ 20ನೇ ಲೆವೆಲ್ಲನ್ನು ಕಾಣುವುದು ತೀರಾ ಅಪರೂಪ. ಪರೀಕ್ಷೆ ಬರುತ್ತದೆ, ದಸರೆಗೆ ನೆಂಟರು ಬರುತ್ತಾರೆ, ಒಬ್ಬರಿಗೆ ಬೆಂಗಳೂರಿನಲ್ಲಿ ಕೆಲಸ ಸಿಗುತ್ತದೆ, ಕ್ಯಾಂಪೇನ್ (ಕೂಟದಿಂದ ಕೂಟಕ್ಕೆ ಮುಂದುವರಿಯುವ ಕಥೆ) 8ನೆಯದೋ 10ನೆಯದೋ ಲೆವೆಲ್ಲಿನಲ್ಲಿ ನಿಂತುಬಿಡುತ್ತದೆ. ಹೀಗಾಗಿ ಪಾತ್ರವನ್ನು ಯೋಜಿಸುವಾಗ ಆಟ ಎಲ್ಲಿ ನಿಲ್ಲಬಹುದು ಎಂಬುದನ್ನು ಮೊದಲು ಅಂದಾಜು ಮಾಡಿ, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕುತ್ತ ಬರುವುದು ಸರಿಯಾದ ಕ್ರಮ. ಎರಡನೇ ಕ್ಲಾಸಿನ ಪ್ರತಿಯೊಂದು ಲೆವೆಲ್ಲೂ ಮೊದಲ ಕ್ಲಾಸಿನ ಯಾವುದೋ ಒಂದನ್ನು ಮುಂದಕ್ಕೆ ತಳ್ಳುತ್ತದೆ. ಹಾಗೆ ತಳ್ಳಿದ್ದು ಆಟ ಮುಗಿಯುವುದರೊಳಗೆ ಕೈಸೇರುತ್ತದೆಯೇ ಇಲ್ಲವೇ ಎಂಬುದೇ ಇಡೀ ಯೋಜನೆಯ ತಿರುಳು.

ಇಲ್ಲಿನ ಲೆಕ್ಕಗಳೆಲ್ಲ 2014ರಲ್ಲಿ ಬಂದ ಐದನೇ ಆವೃತ್ತಿಯ ನಿಯಮಗಳನ್ನು ಅನುಸರಿಸುತ್ತವೆ. 2024ರ ಪರಿಷ್ಕರಣೆಯಿಂದ ಲೆಕ್ಕವೇ ತಲೆಕೆಳಗಾಗುವ ಕಡೆಗಳಲ್ಲಿ ಅದನ್ನು ಅಲ್ಲಲ್ಲೇ ಸೂಚಿಸಿದ್ದೇನೆ. ದುಬಾರಿ ಪುಸ್ತಕಗಳನ್ನು ಕೊಳ್ಳಲಾಗದವರು ಚಿಂತಿಸಬೇಕಾಗಿಲ್ಲ; 2014ರ ಆವೃತ್ತಿಯ ಮೂಲ ನಿಯಮಗಳ ಸಂಗ್ರಹವಾದ ಎಸ್‌ಆರ್‌ಡಿ 5.1 ಅನ್ನು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಮುಕ್ತವಾಗಿ ಬಿಡುಗಡೆ ಮಾಡಲಾಗಿದ್ದು, ಮಲ್ಟಿಕ್ಲಾಸ್ ನಿಯಮಗಳು ಅದರಲ್ಲೇ ಇವೆ. ಪ್ರತಿ ಕ್ಲಾಸಿಗೆ ಒಂದೊಂದೇ ಸಬ್‌ಕ್ಲಾಸ್ (ಕ್ಲಾಸಿನೊಳಗಿನ ಉಪಶಾಖೆ) ಅದರಲ್ಲಿದೆ, ಆದರೆ ಲೆಕ್ಕ ಕಲಿಯುವುದಕ್ಕೆ ಅಷ್ಟು ಧಾರಾಳವಾಗಿ ಸಾಕು.

ಡಿಎಂ ಜೊತೆಗಿನ ಮಾತು

2014ರ ನಿಯಮಗಳಲ್ಲಿ ಮಲ್ಟಿಕ್ಲಾಸ್ ಎಂಬುದು ಡಿಎಂ, ಅಂದರೆ ಆಟ ನಡೆಸಿಕೊಡುವ ಡಂಜನ್ ಮಾಸ್ಟರ್, ಒಪ್ಪಿದರೆ ಮಾತ್ರ ಇರುವ ಐಚ್ಛಿಕ ಸೌಲಭ್ಯ. ಒಪ್ಪಿಗೆ ಕೇಳುವಾಗಲೇ ಇನ್ನೆರಡು ಮೂರು ವಿಷಯಗಳನ್ನು ಕೇಳಿಟ್ಟುಕೊಳ್ಳುವುದು ಒಳ್ಳೆಯದು. ಆಟ ಯಾವ ಲೆವೆಲ್ಲಿನಿಂದ ಶುರುವಾಗಿ ಎಲ್ಲಿಯವರೆಗೆ ಹೋಗಬಹುದು, ಎದುರಾಗುವ ಶತ್ರುಗಳು ಹೆಚ್ಚಾಗಿ ಮನುಷ್ಯರ ಗಾತ್ರದವರೇ ಅಥವಾ ದೈತ್ಯರೇ, ಒಂದು ಸುದೀರ್ಘ ವಿಶ್ರಾಂತಿಯಿಂದ ಇನ್ನೊಂದರ ನಡುವೆ ಎಷ್ಟು ಕಾದಾಟಗಳು ನಡೆಯುತ್ತವೆ, ಈ ಮೂರಕ್ಕೂ ಉತ್ತರ ಸಿಕ್ಕಿದರೆ ಅರ್ಧ ಯೋಜನೆ ಆದಂತೆಯೇ. ನಾಲ್ಕು ಗಂಟೆಯ ಕೂಟದಲ್ಲಿ ಒಂದೋ ಎರಡೋ ಕಾದಾಟಗಳಷ್ಟೇ ನಡೆದು ಪ್ರತಿ ಸಲವೂ ರಾತ್ರಿ ಮಲಗೆದ್ದು ಮುಂದುವರಿಯುವ ತಂಡದಲ್ಲಿ, ಕಿರು ವಿಶ್ರಾಂತಿಯನ್ನೇ ನಂಬಿದ ವಾರ್ಲಾಕ್ ಎಂಬ ಮಂತ್ರಗಾರನ ಸ್ಲಾಟ್‌ಗಳಿಗೆ (ಮಂತ್ರ ಹಾಕಲು ಖರ್ಚು ಮಾಡುವ ಅವಕಾಶಗಳಿಗೆ) ಹೇಳಿಕೊಳ್ಳುವಂಥ ಬೆಲೆ ಇರುವುದಿಲ್ಲ.

ಒಟ್ಟು ಲೆವೆಲ್ ನೋಡುವವು, ಕ್ಲಾಸಿನ ಲೆವೆಲ್ ನೋಡುವವು

ಎರಡನೇ ಕ್ಲಾಸಿಗೆ ಕಾಲಿಡಲು ಒಂದು ಹೊಸ್ತಿಲು ಇದೆ. ಬಿಟ್ಟುಹೋಗುವ ಕ್ಲಾಸು ಮತ್ತು ಸೇರುವ ಕ್ಲಾಸು ಎರಡರ ಮುಖ್ಯ ಸಾಮರ್ಥ್ಯಗಳೂ ಕನಿಷ್ಠ 13 ಇರಬೇಕು. ಬಾರ್ಬೇರಿಯನ್‌ಗೆ ಸ್ಟ್ರೆಂತ್, ರೋಗ್‌ಗೆ (ಅಂದರೆ ಕಳ್ಳನಿಗೆ) ಡೆಕ್ಸ್ಟೆರಿಟಿ, ವಿಝರ್ಡ್‌ಗೆ ಇಂಟೆಲಿಜೆನ್ಸ್, ಕ್ಲೆರಿಕ್ ಮತ್ತು ಡ್ರೂಯಿಡ್‌ಗೆ ವಿಸ್ಡಮ್, ಬಾರ್ಡ್, ಸಾರ್ಸರರ್, ವಾರ್ಲಾಕ್ ಮೂವರಿಗೂ ಕರಿಷ್ಮಾ. ಫೈಟರ್‌ಗೆ ಸ್ಟ್ರೆಂತ್ ಅಥವಾ ಡೆಕ್ಸ್ಟೆರಿಟಿ ಎರಡರಲ್ಲಿ ಒಂದಿದ್ದರೆ ಸಾಕು. ಪ್ಯಾಲಡಿನ್‌ಗೆ ಸ್ಟ್ರೆಂತ್ ಮತ್ತು ಕರಿಷ್ಮಾ ಎರಡೂ ಬೇಕು, ಮಂಕ್ ಮತ್ತು ರೇಂಜರ್‌ಗೆ ಡೆಕ್ಸ್ಟೆರಿಟಿ ಮತ್ತು ವಿಸ್ಡಮ್ ಎರಡೂ ಬೇಕು. 27 ಅಂಕ ತೆತ್ತು ಸಾಮರ್ಥ್ಯಗಳನ್ನು ಕೊಳ್ಳುವ ಪಾಯಿಂಟ್ ಬೈ ಪದ್ಧತಿಯಲ್ಲಿ 13ಕ್ಕೆ 5 ಅಂಕ, 14ಕ್ಕೆ 7, 15ಕ್ಕೆ 9 ಖರ್ಚಾಗುವುದರಿಂದ, ಮಂಕ್ ಮತ್ತು ಪ್ಯಾಲಡಿನ್ ಎರಡನ್ನೂ ಬೆರೆಸಲು ಹೊರಟವರಿಗೆ ಕಾನ್ಸ್ಟಿಟ್ಯೂಷನ್‌ಗೆ (ದೇಹದ ತಾಳಿಕೆಗೆ) ಹೆಚ್ಚೇನೂ ಉಳಿಯುವುದಿಲ್ಲ.

ಇದಕ್ಕಿಂತ ಮುಖ್ಯವಾದದ್ದು ಯಾವ ಸೌಲಭ್ಯ ಪಾತ್ರದ ಒಟ್ಟು ಲೆವೆಲ್ಲನ್ನು ನೋಡಿ ಬೆಳೆಯುತ್ತದೆ, ಯಾವುದು ಆಯಾ ಕ್ಲಾಸಿನ ಲೆವೆಲ್ಲನ್ನು ಮಾತ್ರ ನೋಡುತ್ತದೆ ಎಂಬ ವಿಂಗಡಣೆ. ಪಳಗಿದ ಕೆಲಸಗಳಲ್ಲಿ ದಾಳಕ್ಕೆ ಕೂಡುವ ಪ್ರೊಫಿಷಿಯೆನ್ಸಿ ಬೋನಸ್ ಒಟ್ಟು ಲೆವೆಲ್ಲಿನದು. ಕ್ಲಾಸುಗಳನ್ನು ಹೇಗೆ ಹಂಚಿಕೊಂಡರೂ 5ನೇ ಲೆವೆಲ್ಲಿನಲ್ಲಿ ಅದು +3, 9ನೇ ಲೆವೆಲ್ಲಿನಲ್ಲಿ +4. ಸ್ಲಾಟ್ ಬೇಡದ ಸಣ್ಣ ಮಂತ್ರಗಳಾದ ಕ್ಯಾಂಟ್ರಿಪ್‌ಗಳ ಹಾನಿ ಕೂಡ ಒಟ್ಟು 5, 11, 17ನೇ ಲೆವೆಲ್ಲುಗಳಲ್ಲಿ ಏರುತ್ತದೆ. ವಾರ್ಲಾಕ್‌ನ ಎರಡೇ ಲೆವೆಲ್ಲುಗಳನ್ನು ಎತ್ತಿಕೊಂಡು ಎಲ್ಡ್ರಿಚ್ ಬ್ಲಾಸ್ಟ್ ಎಂಬ ಕ್ಯಾಂಟ್ರಿಪ್ ಹಾರಿಸುತ್ತ ಬದುಕುವ ಬಾರ್ಡ್‌ಗಳೂ ಸಾರ್ಸರರ್‌ಗಳೂ ಇಷ್ಟೊಂದು ಕಾಣಸಿಗುವುದಕ್ಕೆ ಇದೇ ಕಾರಣ, ಏಕೆಂದರೆ ಆ ಎರಡು ಲೆವೆಲ್ಲುಗಳ ಫಲ ತಾನಾಗಿಯೇ ಬೆಳೆಯುತ್ತ ಹೋಗುತ್ತದೆ. ರೋಗ್‌ನ ಸ್ನೀಕ್ ಅಟ್ಯಾಕ್ (ಹೊಂಚಿ ಹೊಡೆದಾಗ ಸೇರುವ ಹೆಚ್ಚುವರಿ ಹಾನಿ) ಹಾಗಲ್ಲ. ರೋಗ್ ಲೆವೆಲ್ ಏರದಿದ್ದರೆ ಅದು ಒಂದೇ ದಾಳದಲ್ಲಿ ನಿಲ್ಲುತ್ತದೆ. ಸಾಮರ್ಥ್ಯಗಳನ್ನು ಏರಿಸಿಕೊಳ್ಳುವ ಅಥವಾ ಫೀಟ್ (ವಿಶೇಷ ಪರಿಣತಿ) ಪಡೆಯುವ ಅವಕಾಶವೂ ಕ್ಲಾಸಿನದೇ. ಅದು ಪ್ರತಿ ಕ್ಲಾಸಿನ 4ನೇ ಲೆವೆಲ್ಲಿನಲ್ಲಿ ಮೊದಲು ಬರುವುದರಿಂದ, ಮೂರು ಲೆವೆಲ್ ಒಂದರಲ್ಲಿ ಮೂರು ಲೆವೆಲ್ ಇನ್ನೊಂದರಲ್ಲಿ ಹಾಕಿದವನು 6ನೇ ಲೆವೆಲ್ಲಿಗೆ ಬಂದರೂ ಒಂದು ಅಂಕವನ್ನೂ ಏರಿಸಿಕೊಂಡಿರುವುದಿಲ್ಲ. ಎರಡನೇ ಹೊಡೆತ ಕೊಡುವ ಎಕ್ಸ್‌ಟ್ರಾ ಅಟ್ಯಾಕ್ ಎರಡು ಕ್ಲಾಸುಗಳಿಂದ ಬಂದರೂ ಕೂಡಿಕೊಳ್ಳುವುದಿಲ್ಲ, ಕವಚವಿಲ್ಲದ ರಕ್ಷಣೆಯೂ ಎರಡು ಸಲ ಸಿಗುವುದಿಲ್ಲ.

ಮೊದಲನೇ ಲೆವೆಲ್ಲನ್ನು ಯಾವ ಕ್ಲಾಸಿಗೆ ಕೊಡುತ್ತೀರಿ ಎಂಬುದೂ ಸಣ್ಣ ವಿಷಯವಲ್ಲ. ಸೇವಿಂಗ್ ಥ್ರೋಗಳ (ಅಪಾಯದಿಂದ ಪಾರಾಗಲು ಎಸೆಯುವ ದಾಳಗಳ) ಪ್ರೊಫಿಷಿಯೆನ್ಸಿ, ದಾಳದ ಪೂರ್ಣ ಬೆಲೆಯಷ್ಟು ಹಿಟ್ ಪಾಯಿಂಟ್ (ಪಾತ್ರದ ಜೀವಬಲ), ಭಾರೀ ಕವಚ ಇವೆಲ್ಲ ಮೊದಲ ಕ್ಲಾಸಿನಿಂದ ಬರುತ್ತವೆ. ಆಮೇಲೆ ಫೈಟರ್ ಅಥವಾ ಪ್ಯಾಲಡಿನ್ ಆದವರಿಗೆ ಹಗುರ ಮತ್ತು ಮಧ್ಯಮ ಕವಚ, ಗುರಾಣಿಗಳಷ್ಟೇ ದಕ್ಕುತ್ತವೆ.

ಗರಡಿಯ ಹುಡುಗ

ಮಾತನ್ನು ಒಂದು ಪಾತ್ರದ ಮೇಲಿಟ್ಟು ನೋಡೋಣ. ವಿಜಯದಶಮಿಯಂದು ಅರಮನೆಯ ಆವರಣದಲ್ಲಿ ನಡೆಯುವ ವಜ್ರಮುಷ್ಟಿ ಕಾಳಗವನ್ನು ಕಂಡು ಬೆಳೆದ ನಮ್ಮ ಕಡೆಯವರಿಗೆ ಕುಸ್ತಿ ಆಡುವ ಪಾತ್ರ ಬೇಕೆನಿಸುವುದು ಸಹಜ. ಎದುರಾಳಿಯನ್ನು ಕತ್ತರಿಸುವ ಬದಲು ಹಿಡಿದು, ಕೆಡವಿ, ಏಳಗೊಡದೆ ಒತ್ತಿಹಿಡಿಯುವ ಜಟ್ಟಿ ನಮಗೆ ಬೇಕು ಎಂದುಕೊಳ್ಳಿ. 2014ರ ನಿಯಮಗಳಲ್ಲಿ ಹಿಡಿಯುವುದು ಸ್ಟ್ರೆಂತ್ ಆಧಾರಿತ ಅಥ್ಲೆಟಿಕ್ಸ್ ಪರೀಕ್ಷೆ. ಎದುರಾಳಿ ತನ್ನ ಅಥ್ಲೆಟಿಕ್ಸ್ ಅಥವಾ ಅಕ್ರೊಬ್ಯಾಟಿಕ್ಸ್‌ನಿಂದ ಅದನ್ನು ಎದುರಿಸುತ್ತಾನೆ. ಬಾರ್ಬೇರಿಯನ್ ರೇಜ್ ಎಂಬ ರೋಷಾವೇಶದಲ್ಲಿದ್ದಾಗ ಸ್ಟ್ರೆಂತ್ ಪರೀಕ್ಷೆಗಳಿಗೆ ಅಡ್ವಾಂಟೇಜ್ ಸಿಗುತ್ತದೆ, ಅಂದರೆ ಎರಡು ದಾಳ ಎಸೆದು ದೊಡ್ಡದನ್ನು ಇಟ್ಟುಕೊಳ್ಳಬಹುದು. ರೋಗ್ ತನ್ನ ಮೊದಲ ಲೆವೆಲ್ಲಿನಲ್ಲೇ ಪಡೆಯುವ ಎಕ್ಸ್‌ಪರ್ಟೀಸ್ ಆಯ್ದುಕೊಂಡ ಎರಡು ಕೌಶಲಗಳ ಪ್ರೊಫಿಷಿಯೆನ್ಸಿ ಬೋನಸ್ಸನ್ನು ಇಮ್ಮಡಿ ಮಾಡುತ್ತದೆ. ಹಾಗಾಗಿ ಬಾರ್ಬೇರಿಯನ್ ಆದ ಈ ಜಟ್ಟಿಗೆ ಕಳ್ಳವಿದ್ಯೆಯ ಒಂದೇ ಒಂದು ಲೆವೆಲ್ ಬೇಕು. ಅದನ್ನು ಯಾವಾಗ ತೆಗೆದುಕೊಳ್ಳಬೇಕು ಎಂಬುದಷ್ಟೇ ಪ್ರಶ್ನೆ.

ಅಂಕಗಳನ್ನು ಮೊದಲು ಹಂಚೋಣ. ಸ್ಟ್ರೆಂತ್ 15, ಡೆಕ್ಸ್ಟೆರಿಟಿ 14, ಕಾನ್ಸ್ಟಿಟ್ಯೂಷನ್ 15, ವಿಸ್ಡಮ್ 10, ಉಳಿದೆರಡು 8 ಎಂದಿಟ್ಟರೆ 27 ಅಂಕಗಳು ಸರಿಯಾಗಿ ಮುಗಿಯುತ್ತವೆ. ಮನುಷ್ಯ ಪಾತ್ರಕ್ಕೆ ಎಲ್ಲದರಲ್ಲೂ ಒಂದೊಂದು ಸೇರುವುದರಿಂದ ಸ್ಟ್ರೆಂತ್ 16, ಡೆಕ್ಸ್ಟೆರಿಟಿ 15, ಕಾನ್ಸ್ಟಿಟ್ಯೂಷನ್ 16 ಆಗುತ್ತದೆ; ರೋಗ್‌ಗೆ ಬೇಕಾದ 13 ತಾನಾಗಿಯೇ ದಾಟಿದೆ. ರೋಗ್ ಆಗಿ ಶುರು ಮಾಡಿದರೆ ಎಕ್ಸ್‌ಪರ್ಟೀಸ್ ಮೊದಲ ದಿನದಿಂದಲೇ ಇರುತ್ತದೆ ಎಂದು ವಾದಿಸುವವರಿದ್ದಾರೆ, ಮತ್ತು ಆ ವಾದ ಪೂರ್ತಿ ತಳ್ಳಿಹಾಕುವಂಥದ್ದಲ್ಲ. ಆದರೆ ಆಗ ಮೊದಲ ಹಿಟ್ ಪಾಯಿಂಟ್‌ಗಳು 15ರ ಬದಲು 11, ಸೇವಿಂಗ್ ಥ್ರೋಗಳಲ್ಲಿ ಕಾನ್ಸ್ಟಿಟ್ಯೂಷನ್ ಇಲ್ಲ, ಎಲ್ಲಕ್ಕಿಂತ ಹೆಚ್ಚಾಗಿ ಎಕ್ಸ್‌ಟ್ರಾ ಅಟ್ಯಾಕ್ 5ನೇ ಲೆವೆಲ್ಲಿನಿಂದ 6ಕ್ಕೆ ಹೋಗುತ್ತದೆ. 5ನೇ ಲೆವೆಲ್ ಎಂಬುದು ಇಡೀ ತಂಡ ಒಮ್ಮೆಗೇ ಜಿಗಿಯುವ ಘಟ್ಟ. ಪಕ್ಕದವನು ಎರಡು ಸಲ ಕತ್ತಿ ಬೀಸುತ್ತಾನೆ, ವಿಝರ್ಡ್ ಫೈರ್‌ಬಾಲ್ ಎಸೆಯುತ್ತಾಳೆ, ಡಿಎಂ ಕೂಡ ಅದಕ್ಕೆ ತಕ್ಕ ಶತ್ರುಗಳನ್ನೇ ಇಳಿಸುತ್ತಾರೆ. ಆ ಹೊತ್ತಿನಲ್ಲಿ ಒಂದೇ ಹೊಡೆತದವನಾಗಿ ಉಳಿಯುವುದು ಯಾವ ಮಲ್ಟಿಕ್ಲಾಸಿಗೂ ಒಳ್ಳೆಯದಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಜಟ್ಟಿಗಂತೂ ಎರಡನೇ ಹೊಡೆತ ಇನ್ನೂ ಹೆಚ್ಚು ಬೇಕು. ಹಿಡಿಯುವುದಕ್ಕೆ ಒಂದು ಹೊಡೆತ ಖರ್ಚಾಗುತ್ತದೆ, ಕೆಡವುವುದಕ್ಕೆ ಇನ್ನೊಂದು. ಬಾರ್ಬೇರಿಯನ್ 5, ರೋಗ್ 1 ಆಗಿ 6ನೇ ಲೆವೆಲ್ಲಿನಲ್ಲಿರುವ ನಮ್ಮವನ ಎದುರು ಓಗರ್ ಎಂಬ ಭಾರೀ ರಾಕ್ಷಸ ನಿಂತಿದೆ ಎಂದು ಭಾವಿಸಿ. 4ನೇ ಲೆವೆಲ್ಲಿನಲ್ಲಿ ಸ್ಟ್ರೆಂತ್ 18 ಆಗಿದೆ, ಅಲ್ಲಿಂದ +4. ಪ್ರೊಫಿಷಿಯೆನ್ಸಿ +3, ಇಮ್ಮಡಿಯಾಗಿ +6. ಒಟ್ಟು ಅಥ್ಲೆಟಿಕ್ಸ್ +10. ಓಗರ್‌ನ ಸ್ಟ್ರೆಂತ್ 19, ಅಥ್ಲೆಟಿಕ್ಸ್ ತರಬೇತಿ ಇಲ್ಲ, ಆದ್ದರಿಂದ ಅದರದು +4. ಬೋನಸ್ ಆಕ್ಷನ್‌ನಲ್ಲಿ (ಸರದಿಗೊಂದು ಸಿಗುವ ಹೆಚ್ಚುವರಿ ಕ್ರಿಯೆಯಲ್ಲಿ) ರೇಜ್ ಏರಿಸಿಕೊಂಡ ಜಟ್ಟಿ ಮೊದಲ ಹೊಡೆತದ ಬದಲಿಗೆ ಸೊಂಟಕ್ಕೆ ಪಟ್ಟು ಹಾಕುತ್ತಾನೆ: ಎರಡು ದಾಳಗಳಲ್ಲಿ ದೊಡ್ಡದು 12, ಕೂಡಿದರೆ 22. ಓಗರ್‌ನ ದಾಳ 15 ಬಿದ್ದರೂ 19ಕ್ಕೇ ನಿಲ್ಲುತ್ತದೆ. ಹಿಡಿತಕ್ಕೆ ಸಿಕ್ಕ ಓಗರ್‌ನ ವೇಗ ಸೊನ್ನೆಯಾಯಿತು. ಎರಡನೇ ಹೊಡೆತದ ಬದಲಿಗೆ ಅದನ್ನು ಕೆಡವಿದರೆ ಅದು ಏಳುವಂತಿಲ್ಲ, ಏಕೆಂದರೆ ಏಳಲು ವೇಗದ ಅರ್ಧವನ್ನು ಖರ್ಚು ಮಾಡಬೇಕು, ಸೊನ್ನೆಯಲ್ಲಿ ಅರ್ಧವೆಲ್ಲಿಂದ ಬಂತು? ಮಗ್ಗುಲಲ್ಲಿರುವ ಗೆಳೆಯರಿಗೆಲ್ಲ ಅದರ ಮೇಲೆ ಅಡ್ವಾಂಟೇಜ್, ಅದು ಬೀಸುವ ಪ್ರತಿ ಪೆಟ್ಟಿಗೂ ಡಿಸ್‌ಅಡ್ವಾಂಟೇಜ್. ದೂರದಿಂದ ಬಾಣ ಬಿಡುವವರಿಗೆ ಮಾತ್ರ ಬಿದ್ದವನ ಮೇಲೆ ಗುರಿಯಿಡುವುದು ಕಷ್ಟವಾಗುತ್ತದೆ. ತಂಡದಲ್ಲಿ ಇಬ್ಬರು ಬಿಲ್ಲುಗಾರರಿದ್ದರೆ ಈ ಜಟ್ಟಿಯನ್ನು ಕಟ್ಟುವ ಮೊದಲು ಅವರೊಂದಿಗೆ ಒಂದು ಮಾತು ಆಡಿರಿ.

ಈಗ ತೆತ್ತ ಬೆಲೆಯನ್ನು ನೋಡೋಣ. ಪೂರ್ತಿ ಬಾರ್ಬೇರಿಯನ್ 6ನೇ ಲೆವೆಲ್ಲಿನಲ್ಲಿ ನಾಲ್ಕನೇ ರೇಜ್ ಮತ್ತು ಸಬ್‌ಕ್ಲಾಸಿನ ಮುಂದಿನ ಸೌಲಭ್ಯ ಪಡೆಯುತ್ತಾನೆ. ನಮ್ಮವನಿಗೆ ಅವು 7ಕ್ಕೆ. ಪೂರ್ತಿ ಬಾರ್ಬೇರಿಯನ್ 8ಕ್ಕೆ ಸ್ಟ್ರೆಂತ್ 20 ಮುಟ್ಟುತ್ತಾನೆ, ನಮ್ಮವನು 9ಕ್ಕೆ. ಕ್ಯಾಂಪೇನ್ 8ಕ್ಕೇ ನಿಂತರೆ ಆ 20 ಕೊನೆಗೂ ಬರಲೇ ಇಲ್ಲ. ಆ 8ನೇ ಲೆವೆಲ್ಲಿನಲ್ಲಿ ಇಬ್ಬರನ್ನೂ ಪಕ್ಕಪಕ್ಕ ನಿಲ್ಲಿಸಿದರೆ ಹೊಡೆತದಲ್ಲಿ ಅವನದು +8, ನಮ್ಮವನದು +7. ಅಥ್ಲೆಟಿಕ್ಸ್‌ನಲ್ಲಿ ಅವನದು +8, ನಮ್ಮವನದು +10. ಹೊಡೆತದಲ್ಲಿ ಒಂದು ಕಳೆದುಕೊಂಡು ಪಟ್ಟಿನಲ್ಲಿ ಎರಡು ಗಳಿಸಿದ್ದೇವೆ. ಕುಸ್ತಿಯೇ ಪಾತ್ರದ ಜೀವಾಳವಾಗಿದ್ದರೆ ಇದು ಲಾಭದ ವ್ಯವಹಾರ. ಬರೀ ಕೊಡಲಿ ಬೀಸುವವನಾಗಿದ್ದರೆ ಶುದ್ಧ ನಷ್ಟ. ಜೊತೆಗೆ, ಒಂದು ಕೈ ಹಿಡಿತದಲ್ಲೇ ಇರುವುದರಿಂದ ಎರಡು ಕೈಯ ಆಯುಧ ಬಳಸುವಂತಿಲ್ಲ. ಇನ್ನೊಂದು ಕೈಗೆ ರೇಪಿಯರ್ ಎಂಬ ತೆಳು ಕತ್ತಿ ಕೊಟ್ಟು ಅದನ್ನು ಸ್ಟ್ರೆಂತ್‌ನಿಂದಲೇ ಬೀಸಿದರೆ ರೇಜ್‌ನ ಹೆಚ್ಚುವರಿ ಹಾನಿಯೂ ಸಿಗುತ್ತದೆ, ಸ್ನೀಕ್ ಅಟ್ಯಾಕ್‌ನ ಒಂದು ದಾಳವೂ ಸೇರುತ್ತದೆ.

ಎರಡು ಎಚ್ಚರಿಕೆಗಳಿವೆ. ತನಗಿಂತ ಒಂದು ಮಟ್ಟ ದೊಡ್ಡ ಗಾತ್ರದವರೆಗಿನ ಜೀವಿಗಳನ್ನಷ್ಟೇ ಹಿಡಿಯಬಹುದಾದ್ದರಿಂದ ಬೆಟ್ಟದ ದೈತ್ಯನಾಗಲಿ ಪೂರ್ತಿ ಬೆಳೆದ ಡ್ರ್ಯಾಗನ್ ಆಗಲಿ ಈ ಜಟ್ಟಿಯ ಕೈಗೆ ಸಿಗುವುದಿಲ್ಲ. ಡಿಎಂ ಜೊತೆ ಶತ್ರುಗಳ ಗಾತ್ರ ಕೇಳಬೇಕೆಂದದ್ದು ಇದಕ್ಕೇ. ಎರಡನೆಯದಾಗಿ, 2024ರ ನಿಯಮಗಳಲ್ಲಿ ಹಿಡಿತಕ್ಕೆ ಎದುರಾಳಿಯೇ ಸೇವಿಂಗ್ ಥ್ರೋ ಎಸೆಯುತ್ತಾನೆ, ಹಿಡಿಯುವವನ ಅಥ್ಲೆಟಿಕ್ಸ್ ಲೆಕ್ಕಕ್ಕೇ ಬರುವುದಿಲ್ಲ. ಆ ಆವೃತ್ತಿಯಲ್ಲಿ ಆಡುವವರು ಈ ಒಂದು ರೋಗ್ ಲೆವೆಲ್ಲನ್ನು ಕುಸ್ತಿಗಾಗಿ ತೆಗೆದುಕೊಳ್ಳಬಾರದು.

ಮಂತ್ರಗಾರರ ಲೆಕ್ಕ

ಮಂತ್ರ ಬಳಸುವ ಎರಡು ಕ್ಲಾಸುಗಳನ್ನು ಬೆರೆಸುವಾಗ ಸ್ಲಾಟ್ ಬೇರೆ, ಮಂತ್ರ ಬೇರೆ ಎಂಬುದನ್ನು ಗಟ್ಟಿಯಾಗಿ ನೆನಪಿಡಬೇಕು. ಬಾರ್ಡ್, ಕ್ಲೆರಿಕ್, ಡ್ರೂಯಿಡ್, ಸಾರ್ಸರರ್, ವಿಝರ್ಡ್ ಲೆವೆಲ್ಲುಗಳನ್ನು ಪೂರ್ತಿಯಾಗಿಯೂ, ಪ್ಯಾಲಡಿನ್ ಮತ್ತು ರೇಂಜರ್ ಲೆವೆಲ್ಲುಗಳನ್ನು ಅರ್ಧವಾಗಿಯೂ ಕೂಡಿಸಿ ಸ್ಲಾಟ್‌ಗಳನ್ನು ಕೋಷ್ಟಕದಲ್ಲಿ ನೋಡಿಕೊಳ್ಳುತ್ತೇವೆ. ಆ ಅರ್ಧವನ್ನು 2014ರಲ್ಲಿ ಕೆಳಕ್ಕೆ ಇಳಿಸಿ ಎಣಿಸುತ್ತಾರೆ, 2024ರಲ್ಲಿ ಮೇಲಕ್ಕೆ ಏರಿಸಿ. ವಾರ್ಲಾಕ್‌ನ ಸ್ಲಾಟ್‌ಗಳು ಈ ಕೂಡಿಕೆಗೆ ಸೇರುವುದಿಲ್ಲ. ಆದರೆ ಯಾವ ಮಂತ್ರ ಕಲಿಯಬಹುದು ಎಂಬುದನ್ನು ಪ್ರತಿ ಕ್ಲಾಸೂ ತಾನೊಂದೇ ಇದ್ದಂತೆ ನಿರ್ಧರಿಸುತ್ತದೆ. ಕ್ಲೆರಿಕ್ 3, ವಿಝರ್ಡ್ 3 ಆದವಳಿಗೆ ಮೂರನೇ ಮಟ್ಟದ ಮೂರು ಸ್ಲಾಟ್‌ಗಳಿರುತ್ತವೆ, ಆದರೆ ಎರಡನೇ ಮಟ್ಟಕ್ಕಿಂತ ಮೇಲಿನ ಒಂದು ಮಂತ್ರವೂ ಬರುವುದಿಲ್ಲ. ಮೂರನೇ ಮಟ್ಟದ ಮಂತ್ರವಾದ ಫೈರ್‌ಬಾಲ್‌ನ ಆಸೆಯಿಟ್ಟುಕೊಂಡು ಈ ದಾರಿ ಹಿಡಿದವರು ಕೆಳಮಟ್ಟದ ಮಂತ್ರಗಳನ್ನೇ ಮೇಲಿನ ಸ್ಲಾಟ್‌ನಲ್ಲಿ ಹಾಕಿಕೊಂಡು ಕಾಲ ತಳ್ಳಬೇಕಾಗುತ್ತದೆ.

ಮೇಲಿನ ಸ್ಲಾಟ್‌ಗಳಿಗೆ ಬೇರೆ ಉಪಯೋಗ ಇದ್ದಾಗ ಮಾತ್ರ ಈ ಬೆರಕೆ ಸಾರ್ಥಕ. ಪ್ಯಾಲಡಿನ್ ಮತ್ತು ಸಾರ್ಸರರ್ ಜೋಡಿ ಹೆಸರು ಮಾಡಿರುವುದು ಈ ಕಾರಣಕ್ಕೆ. 10ನೇ ಲೆವೆಲ್ಲಿಗೆ ನಿಲ್ಲುವ ಆಟದಲ್ಲಿ ಪ್ಯಾಲಡಿನ್ 6, ಸಾರ್ಸರರ್ 4 ಎಂದು ಹಂಚಿದರೆ ಮೂರು ಮತ್ತು ನಾಲ್ಕು ಕೂಡಿ ಏಳನೇ ಲೆವೆಲ್ಲಿನ ಮಂತ್ರಗಾರನ ಸ್ಲಾಟ್‌ಗಳು ಸಿಗುತ್ತವೆ: ಮೊದಲ ಮಟ್ಟದವು 4, ಎರಡನೆಯವು 3, ಮೂರನೆಯವು 3, ನಾಲ್ಕನೆಯದು 1. ಪೂರ್ತಿ ಪ್ಯಾಲಡಿನ್‌ಗೆ ಅದೇ ಲೆವೆಲ್ಲಿನಲ್ಲಿ 4, 3, 2 ಅಷ್ಟೇ. ಸ್ಲಾಟ್ ಖರ್ಚು ಮಾಡಿ ಪೆಟ್ಟಿಗೆ ಹಾನಿ ಸೇರಿಸುವ ಪ್ಯಾಲಡಿನ್‌ನ ಡಿವೈನ್ ಸ್ಮೈಟ್‌ಗೆ ಸ್ಲಾಟ್ ಯಾವ ಕ್ಲಾಸಿನದಾದರೂ ಸರಿ. ಮೊದಲ ಮಟ್ಟದ ಸ್ಲಾಟ್‌ಗೆ ಎಂಟು ಮುಖದ ಎರಡು ದಾಳ, ಅಲ್ಲಿಂದ ಮಟ್ಟಕ್ಕೊಂದು ಹೆಚ್ಚುತ್ತ ನಾಲ್ಕನೇ ಮಟ್ಟಕ್ಕೆ ಐದು ದಾಳ. ಇಲ್ಲಿಯೂ 6ರ ತನಕ ಪ್ಯಾಲಡಿನ್ ಆಗಿಯೇ ಹೋಗಿರೆಂದು ಹೇಳುತ್ತೇನೆ. 5ಕ್ಕೆ ಎರಡನೇ ಹೊಡೆತ, 6ಕ್ಕೆ ಹತ್ತು ಅಡಿಯೊಳಗಿನ ಗೆಳೆಯರೆಲ್ಲರ ಸೇವಿಂಗ್ ಥ್ರೋಗಳಿಗೆ ಕರಿಷ್ಮಾ ಸೇರಿಸುವ ಪ್ರಭಾವಲಯ, ಇವೆರಡನ್ನೂ ಬಿಟ್ಟು 2ಕ್ಕೇ ಸಾರ್ಸರರ್ ಕಡೆ ತಿರುಗಿದವರು 5ನೇ ಲೆವೆಲ್ಲಿನಲ್ಲಿ ಎರಡನೇ ಹೊಡೆತವೂ ಇಲ್ಲದೆ, ಮೂರನೇ ಮಟ್ಟದ ಮಂತ್ರವೂ ಇಲ್ಲದೆ, ಒಂದು ಅಂಕದ ಏರಿಕೆಯೂ ಇಲ್ಲದೆ ನಿಂತಿರುತ್ತಾರೆ. ಮಂಡ್ಯ ಕಡೆಯ ರೈತ ಕಬ್ಬು ನಾಟಿ ಮಾಡಿ ವರ್ಷ ಕಾಯುವಾಗ ಸಾಲುಗಳ ನಡುವೆ ಬೇಗ ಕೈಗೆ ಬರುವ ಬೆಳೆಯನ್ನೂ ಹಾಕಿಕೊಳ್ಳುವಂತೆ, ನಡುವಿನ ಲೆವೆಲ್ಲುಗಳಿಗೂ ಏನಾದರೊಂದು ಇರಬೇಕು. 2024ರ ನಿಯಮಗಳಲ್ಲಿ ಡಿವೈನ್ ಸ್ಮೈಟ್ ಬೋನಸ್ ಆಕ್ಷನ್ ಬೇಡುವ ಮಂತ್ರವಾಗಿರುವುದರಿಂದ ಒಂದು ಸರದಿಗೆ ಒಂದೇ ಸಲ ಸಾಧ್ಯ. ಈ ಜೋಡಿಯ ಅಬ್ಬರ ಅಷ್ಟರಮಟ್ಟಿಗೆ ಇಳಿದಿದೆ.

ಕಾಗದದ ಮೇಲೆ ಕಾಣದ ಒಂದು ತೊಡಕು ಇದೇ ಜೋಡಿಯಲ್ಲಿದೆ. ಸಾರ್ಸರರ್‌ನಿಂದ ಬರುವ ಶೀಲ್ಡ್ ಮಂತ್ರ ರಕ್ಷಣೆಗೆ +5 ಕೊಡುವ ಅಮೂಲ್ಯ ವಸ್ತು, ಆದರೆ ಅದಕ್ಕೆ ಕೈಸನ್ನೆ ಬೇಕು. ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಗುರಾಣಿ ಹಿಡಿದವರು ಸನ್ನೆ ಮಾಡುವುದು ಯಾವ ಕೈಯಲ್ಲಿ? ವಾರ್ ಕ್ಯಾಸ್ಟರ್ ಫೀಟ್ ತೆಗೆದುಕೊಂಡರೆ ಇದು ಬಗೆಹರಿಯುತ್ತದೆ, ಹಾಗೆ ಮಾಡಿದರೆ ಸ್ಟ್ರೆಂತ್ ಏರಿಸುವ ಒಂದು ಅವಕಾಶ ಹೋಗುತ್ತದೆ. ಕೆಲವು ಡಿಎಂಗಳು ಇದನ್ನು ನೋಡಿಯೂ ನೋಡದಂತೆ ಬಿಡುತ್ತಾರೆ, ನಿಮ್ಮವರು ಹೇಗೆಂದು ಮೊದಲೇ ತಿಳಿದುಕೊಳ್ಳಿ.

ಇದೇ ಬಗೆಯ ಘರ್ಷಣೆ ಬೋನಸ್ ಆಕ್ಷನ್‌ನಲ್ಲಿಯೂ ಆಗುತ್ತದೆ. ಪ್ರತಿ ಸರದಿಗೆ ಸಿಗುವುದು ಒಂದೇ, ಅದಕ್ಕೆ ಎರಡು ಕ್ಲಾಸುಗಳೂ ಕೈಚಾಚಿದರೆ ಒಂದರ ಸೌಲಭ್ಯ ಹೆಸರಿಗಷ್ಟೇ ಉಳಿಯುತ್ತದೆ. ಬಾರ್ಬೇರಿಯನ್ ಜೊತೆ ಮಂತ್ರಗಾರರನ್ನು ಬೆರೆಸುವುದಂತೂ ಬೇಡವೇ ಬೇಡ, ರೇಜ್‌ನಲ್ಲಿದ್ದಾಗ ಮಂತ್ರ ಹಾಕುವಂತೆಯೂ ಇಲ್ಲ, ಹಾಕಿದ ಮಂತ್ರದ ಮೇಲೆ ಏಕಾಗ್ರತೆ ಉಳಿಸಿಕೊಳ್ಳುವಂತೆಯೂ ಇಲ್ಲ.

ಹಾಳೆಯ ಮೇಲೆ ಬರೆಯುವುದು

ಇಷ್ಟಾದ ಮೇಲೆ ಒಂದು ಹಾಳೆಯಲ್ಲಿ 1ರಿಂದ ನೀವು ಅಂದಾಜಿಸಿದ ಕೊನೆಯ ಲೆವೆಲ್ಲಿನವರೆಗೆ ಸಾಲುಗಳನ್ನು ಎಳೆದು, ಪ್ರತಿ ಸಾಲಿನಲ್ಲಿ ಆ ಲೆವೆಲ್ಲನ್ನು ಯಾವ ಕ್ಲಾಸಿಗೆ ಕೊಟ್ಟಿರಿ, ಅದರಿಂದ ಏನು ಬಂತು, ಒಂದೇ ಕ್ಲಾಸಿನಲ್ಲಿ ಉಳಿದಿದ್ದರೆ ಏನು ಬರುತ್ತಿತ್ತು ಎಂಬುದನ್ನು ಬರೆಯಿರಿ. ಮೂರನೇ ಅಂಕಣವನ್ನು ಬಿಡಬೇಡಿ, ಉಳಿದೆರಡನ್ನು ಯಾವ ಆ್ಯಪ್ ಬೇಕಾದರೂ ಬರೆದುಕೊಡುತ್ತದೆ. ಸತತ ಮೂರು ಸಾಲುಗಳಲ್ಲಿ ಬಂದದ್ದಕ್ಕಿಂತ ಬಿಟ್ಟದ್ದೇ ಹೆಚ್ಚು ತೂಗುತ್ತಿದ್ದರೆ ಕ್ರಮವನ್ನು ಹಿಂದುಮುಂದು ಮಾಡಿ ನೋಡಿರಿ. ಆಗಲೂ ಸರಿಹೋಗದಿದ್ದರೆ ಆ ಪಾತ್ರಕ್ಕೆ ಸಬ್‌ಕ್ಲಾಸ್ ಸಾಕು. ಮಂತ್ರ ಬಲ್ಲ ಕತ್ತಿಗಾರ ಬೇಕೆಂದಾದರೆ ಫೈಟರ್‌ನ ಎಲ್ಡ್ರಿಚ್ ನೈಟ್ ಯಾವ ಬೆರಕೆಯೂ ಇಲ್ಲದೆ ಆ ಕೆಲಸ ಮಾಡುತ್ತಾನೆ.

ಕಥೆಯ ಕಡೆಯಿಂದ ಹೆಚ್ಚು ಹೇಳಬೇಕಾದ್ದಿಲ್ಲ. ಗರಡಿಯ ಹುಡುಗ ಒಂದು ಬೆಳಗ್ಗೆ ಎದ್ದು ಬೀಗ ಮುರಿಯಬಲ್ಲವನಾದ ಎಂದರೆ ಜೊತೆಯಲ್ಲಿ ಆಡುವವರು ನಗುತ್ತಾರೆ. ತಂಡದಲ್ಲಿ ರೋಗ್ ಆಡುವವರೊಬ್ಬರಿದ್ದರೆ ಎರಡು ಕೂಟ ಮುಂಚೆಯೇ ಅವರ ಪಾತ್ರದ ಬಳಿ ಪಾಠ ಹೇಳಿಸಿಕೊಳ್ಳುವ ಒಂದು ಸಣ್ಣ ಸನ್ನಿವೇಶ ಇಟ್ಟರೆ ಸಾಕಾಗುತ್ತದೆ. ಲೆವೆಲ್ ಏರುವ ದಿನ ಯಾವ ಕ್ಲಾಸ್ ತೆಗೆದುಕೊಳ್ಳುತ್ತೀರಿ ಎಂಬುದನ್ನು ಅಂದಿನ ಕೂಟ ಮುಗಿಯುವಾಗಲೇ ಡಿಎಂಗೆ ತಿಳಿಸಿ, ಮುಂದಿನ ಭಾನುವಾರದೊಳಗೆ ಹಾಳೆಯನ್ನು ತಿದ್ದಿ ತನ್ನಿರಿ. ಎಲ್ಲರೂ ಕೂತ ಮೇಲೆ ನಿಯಮ ಪುಸ್ತಕ ತೆರೆದು ಸ್ಲಾಟ್ ಎಣಿಸಲು ಕೂತರೆ ಮಂಡ್ಯದವರ ರೈಲಿನ ಹೊತ್ತಾಗಿಬಿಡುತ್ತದೆ.